ಸಿಪ್ಪೆಯ ಗುಡ್ಡದಲ್ಲಿ ಸೇಲಾ ಮತ್ತು ಸಿಕ್ಕಿಂ

ಭಾನುವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಚಿಮ್ಮಡ ರಸ್ತೆಯಲ್ಲಿರುವ ಸೋಮಲಿಂಗನ ಬೆಲ್ಲದ ಗಾಣದ ಹಿಂದೆ, ಕಬ್ಬಿನ ಸಿಪ್ಪೆಯ ಗುಡ್ಡದ ನೆತ್ತಿಯಲ್ಲಿ, ಐವತ್ತೇಳು ವರ್ಷದ ಪರಮಾನಂದ ಕಾಲಿಗೆ ಎರಡು ಹಲಗೆ ಕಟ್ಟಿಕೊಂಡು ನಿಂತಿದ್ದ.

ಗುಡ್ಡದ ಎತ್ತರ ಇಪ್ಪತ್ತೆರಡು ಅಡಿ. ಹಿಂದಿನ ದಿನ ಟೇಪು ಹಿಡಿದು ಅಳೆದವನು ಅವನೇ. ಮೂರು ಕಡೆ ಕಡಿದಾಗಿತ್ತು. ಟ್ರ್ಯಾಕ್ಟರ್ ಹತ್ತಿ ಸಿಪ್ಪೆ ಸುರಿಯುವ ನಾಲ್ಕನೇ ಕಡೆ ಮಾತ್ರ ಅರವತ್ತು ಅಡಿ ಉದ್ದದ ಇಳಿಜಾರು. ಅಕಾಲದ ಮಳೆಗೆ ಹೆದರಿ ಸೋಮಲಿಂಗ ಇಡೀ ಗುಡ್ಡಕ್ಕೆ ಕರಿ ತಾಡಪತ್ರಿ ಹೊದಿಸಿದ್ದ. ಡಿಸೆಂಬರ್‌ನ ಇಬ್ಬನಿ ಬಿದ್ದು ಅದು ಕೆರೆಯಿಂದ ಎದ್ದುಬಂದ ಎಮ್ಮೆಯ ಬೆನ್ನಿನಂತೆ ಹೊಳೆಯುತ್ತಿತ್ತು. ಪಕ್ಕದಲ್ಲಿ ಸೋಮಲಿಂಗನೂ ಅಂಥದೇ ಹಲಗೆ ಕಟ್ಟಿಕೊಂಡು, ಎರಡೂ ಕೈಯಲ್ಲಿ ಕಬ್ಬಿನ ಜಲ್ಲೆ ಊರಿ ನಿಂತಿದ್ದ. ಕೆಳಗೆ ಮೂವತ್ತಕ್ಕೆ ಕಡಿಮೆಯಿಲ್ಲದ ಜನ. ಬೀಳಗಿಯಿಂದ ಮೊದಲ ಬಸ್ಸಿಗೆ ಬಂದಿಳಿದ ಪರಮಾನಂದನ ಹೆಂಡತಿಯ ತಮ್ಮನೂ ಅವರಲ್ಲಿದ್ದ. ಎಲ್ಲರಿಗಿಂತ ಮುಂದೆ ಮೊಬೈಲ್ ಎತ್ತಿ ಹಿಡಿದು ನಿಂತವಳು ಪರಮಾನಂದನ ಮಗಳು ಸಂಘಮಿತ್ರಾ.

“ಅಪ್ಪಾ, ತಯಾರ ಇದ್ದೀಯೇನು?”

ಅವನು ತಯಾರಿರಲಿಲ್ಲ. ಸೈನ್ಯದ ಇಪ್ಪತ್ಮೂರು ವರ್ಷಗಳ ನೌಕರಿಯಲ್ಲಿ ಒಂದು ದಿನ, ಒಂದು ಗಳಿಗೆ ಸಹ ಅವನು ಕಾಲಿಗೆ ಸ್ಕೀ ಕಟ್ಟಿದವನಲ್ಲ. ಈ ಸಂಗತಿ ಗೊತ್ತಿದ್ದದ್ದು ತನಗೊಬ್ಬನಿಗೇ ಎಂದು ಆ ಬೆಳಿಗ್ಗೆಯವರೆಗೂ ಅವನು ನಂಬಿದ್ದ.

ಅರುಣಾಚಲದ ಸೇಲಾ ಎಂಬ ಎತ್ತರದ ಕಣಿವೆದಾರಿಯ ಬುಡದಲ್ಲಿ ಅವನು ಎರಡು ಚಳಿಗಾಲ ಕಳೆದದ್ದು ನಿಜ. ಅಲ್ಲಿ ಅವನ ವಶದಲ್ಲಿ ಇನ್ನೂರ ಹನ್ನೆರಡು ಜೋಡಿ ಸ್ಕೀ ಇದ್ದದ್ದೂ ನಿಜ. ಆದರೆ ಅವು ಇದ್ದದ್ದು ಸ್ಟೋರಿನಲ್ಲಿ. ಬೆಳಿಗ್ಗೆ ಜವಾನರು ಸಾಲಾಗಿ ಬಂದರೆ ಒಬ್ಬೊಬ್ಬನ ಕೈ ಮೇಲೆತ್ತಿಸಿ, ಮಣಿಕಟ್ಟಿನವರೆಗೆ ಬರುವ ಜೋಡಿ ಆರಿಸಿ, ಪಟ್ಟಿ ಬಿಗಿಯಿದೆಯೋ ನೋಡಿ, ಅಂದಿನ ಚಳಿಗೆ ತಕ್ಕ ಮೇಣ ತಿಕ್ಕಿ ಕೊಡುವುದು ಅವನ ಕೆಲಸ. ಸಂಜೆ ನಂಬರ್ ನೋಡಿ ವಾಪಸ್ ಪಡೆಯುವುದೂ ಅವನದೇ. ಸ್ಕೀ ಬಗ್ಗೆ ಅವನಿಗೆ ಗೊತ್ತಿಲ್ಲದ್ದು ಒಂದೇ: ಅದರ ಮೇಲೆ ನಿಂತರೆ ಏನಾಗುತ್ತದೆ ಎಂಬುದು.

ಊರಿಗೆ ಮರಳಿ ಬನಹಟ್ಟಿಯಲ್ಲಿ ಸಹಕಾರಿ ಗೋದಾಮಿನ ನೌಕರಿ ಹಿಡಿದ ಮೊದಲ ವಾರ, ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಅಂಗಡಿಯ ರಾಚಪ್ಪ ಕೇಳಿದ್ದ, “ಆ ಬರ್ಫದಾಗ ಏನ್ ಮಾಡ್ತಿದ್ರಿ ಹವಾಲ್ದಾರ್ರ?”

“ಸ್ಕೀ...” ಎಂದಿದ್ದ ಪರಮಾನಂದ. ಸ್ಕೀ ಸ್ಟೋರಿನಲ್ಲಿದ್ದೆ ಎಂದು ಮುಗಿಸುವವನಿದ್ದ. ಅಷ್ಟರಲ್ಲಿ ಚಹಾ ಬಂತು. ಬೆಂಚಿನ ಮೇಲಿದ್ದ ನಾಲ್ಕು ಮಂದಿ ಜರುಗಿ ಅವನಿಗೆ ಜಾಗ ಮಾಡಿಕೊಟ್ಟರು. ಉಳಿದರ್ಧ ಮಾತು ಹದಿನೈದು ವರ್ಷವಾದರೂ ಅವನ ಬಾಯಿಂದ ಹೊರಬಿದ್ದಿರಲಿಲ್ಲ.

ಅಷ್ಟರಲ್ಲೇ ನಿಂತಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಎರಡು ತಿಂಗಳ ನಂತರ ತೇರದಾಳದ ಸೋಮಲಿಂಗ ಸೈನ್ಯದಿಂದ ನಾಯಕ್ ಹುದ್ದೆಯಲ್ಲಿ ನಿವೃತ್ತನಾಗಿ ಬಂದು, ಮನೆಯ ಹೊಲ, ಗಾಣ ವಹಿಸಿಕೊಂಡು, ಅದೇ ಬೆಂಚಿನ ಇನ್ನೊಂದು ತುದಿಗೆ ಕುಳಿತ. ಅವನು ಉತ್ತರ ಸಿಕ್ಕಿಂನಲ್ಲಿದ್ದವನು.

“ಸೇಲಾದ ಬರ್ಫ ಅಂದ್ರ ಎಸ್ ಮೂವತ್ತು ಸಕ್ಕರಿ ಇದ್ದಂಗ್ರಿ ನಾಯಕ್ರ,” ಎನ್ನುತ್ತಿದ್ದ ಪರಮಾನಂದ. “ಕಾಳು ಕಾಳು. ಹಲಗಿ ಮ್ಯಾಲಿಂದ ಸುರ್ ಅಂತ ಜಾರಬೇಕು. ನಿಮ್ಮ ಸಿಕ್ಕಿಮಿಂದು ಹಸಿ ಬೆಲ್ಲ. ಮೆತ್ತಿಕೊಂಡು ಕೂಡತೈತಿ.”

“ಬೆಲ್ಲದ ಸುದ್ದಿ ನನಗ ಹೇಳಬ್ಯಾಡ್ರಿ ಹವಾಲ್ದಾರ್ರ. ದಿನಾ ಮೂರು ಕಡಾಯಿ ಇಳಸಾಂವ ನಾನು. ಲಾಚುಂಗ ದಾಟಿ ಯುಮ್ಥಾಂಗಿಗೆ ಹೋಗ್ರಿ. ಅಲ್ಲಿಂದ ಝೀರೋ ಪಾಯಿಂಟಿಗೆ ಏರ್ರಿ. ಏರಾಕತ್ತಿದ್ರ ಉಸರು ಎದಿಯಾಗ ನಿಲ್ಲಂಗಿಲ್ಲ. ಅಂಥಾ ಗುಡ್ಡ ನಿಮ್ಮ ಸೇಲಾದಾಗ ಎಲ್ಲೈತಿ?”

ರಾಚಪ್ಪ ಮೊಬೈಲ್ ತೆಗೆದು ನೋಡಿ ತೀರ್ಪು ಕೊಟ್ಟಿದ್ದ. “ಸೇಲಾ ಹದಿಮೂರು ಸಾವಿರದ ಏಳನೂರು ಅಡಿ. ಝೀರೋ ಪಾಯಿಂಟ್ ಹದಿನೈದು ಸಾವಿರದ ಮುನ್ನೂರು. ಸಾವಿರದ ಆರನೂರು ಅಡಿ ಸಿಕ್ಕಿಂ ಮುಂದ.”

“ಎತ್ತರ ತಗೊಂಡು ನೆಕ್ಕೂದೇನು? ಅಲ್ಲಿ ಟೂರಿಸ್ಟ್ ಮಂದಿ ಜೀಪಿನಿಂದ ಇಳದು ಮ್ಯಾಗಿ ತಿಂತಾರು. ಅದು ಗುಡ್ಡ ಅಲ್ರಿ, ಬಸ್ ಸ್ಟ್ಯಾಂಡು.”

“ನಿಮ್ಮ ಸೇಲಾದ ಬುಡಕ ಸುರಂಗ ಕೊರದಾರಲ್ರಿ ಈಗ. ಮ್ಯಾಲೊಂದು ಗುಡ್ಡ ಐತಿ ಅನ್ನೂದೂ ಗೊತ್ತಾಗದಂಗ ಮಂದಿ ದಾಟಿ ಹೋಗತಾರು.”

ಹೀಗೆ ಹದಿನೈದು ವರ್ಷ. ಮುಧೋಳದ ಕಡೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಚಾಲಕರು ಸಿಕ್ಕಿಂ ಪಕ್ಷವಾದರು. ಬನಹಟ್ಟಿಯ ಮಗ್ಗದವರು ಸೇಲಾ ಪಕ್ಷ. ಎರಡೂ ಪಕ್ಷದವರು ಹಿಮವನ್ನು ಹತ್ತಿರದಿಂದ ಕಂಡದ್ದು ಬೇಸಿಗೆಯ ಐಸ್ ಗಾಡಿಯಲ್ಲಿ ಮಾತ್ರ. ಅದರಿಂದ ವಾದದ ಬಿಸಿಯೇನೂ ಇಳಿಯಲಿಲ್ಲ.

ಗೋದಾಮಿನ ಲೆಕ್ಕದಲ್ಲಿ ಒಂದು ಚೀಲ ಹೆಚ್ಚುಕಮ್ಮಿಯಾದರೂ ನಿದ್ದೆಗೆಡುವ ಪರಮಾನಂದ, ಇತ್ತೀಚೆಗೆ ಒಂದು ಅಂಶ ಗಮನಿಸಿದ್ದ. ಸೋಮಲಿಂಗನ ಕಥೆಗಳೆಲ್ಲ ಗುಡ್ಡ ಏರುತ್ತಿದ್ದವು. ಎಲ್ಲಿ ದಾರಿ ಕಿರಿದು, ಎಲ್ಲಿ ಕಾಲು ಹೂಳುತ್ತದೆ, ಎಲ್ಲಿ ನಿಂತು ನೀರು ಕುಡಿಸಬೇಕು, ಎಲ್ಲ ಹೇಳುತ್ತಿದ್ದ. ಇಳಿದ ಕಥೆ ಒಂದೂ ಇರಲಿಲ್ಲ. ಸ್ಕೀ ಮಾಡಿದವನು ಏರಿದ್ದನ್ನು ಯಾಕೆ ಹೇಳುತ್ತಾನೆ? ನೀರು ಕುಡಿಸುವುದಾದರೂ ಯಾರಿಗೆ? ಪರಮಾನಂದ ಈ ಪ್ರಶ್ನೆಗಳನ್ನು ಒಂದು ದಿನ ಬೇಕಾದೀತೆಂದು ಕಾದಿಟ್ಟುಕೊಂಡಿದ್ದ.

ಆ ದಿನ ಬರುವ ಮೊದಲೇ ಬುಧವಾರ ಬಂತು. ಸಂಘಮಿತ್ರಾ ಜಮಖಂಡಿಯ ಒಂದು ಖಾಸಗಿ ಶಾಲೆಯಲ್ಲಿ ದೈಹಿಕ ಶಿಕ್ಷಣದ ಶಿಕ್ಷಕಿ. ವಯಸ್ಸು ಇಪ್ಪತ್ತನಾಲ್ಕು. ಸಂಜೆ ಐದೂವರೆಯ ಬಸ್ಸಿಗೆ ಮನೆಗೆ ಬಂದವಳು ಅಪ್ಪನ ಮುಂದೆ ಮೊಬೈಲ್ ಹಿಡಿದಳು. ಗುವಾಹಟಿಯ ಒಂದು ಸಂಸ್ಥೆ ಹದಿನಾಲ್ಕು ದಿನಗಳ ಸ್ಕೀ ತರಬೇತಿ ಕೊಡುತ್ತಿತ್ತು. ಆಕೆ ಆಯ್ಕೆಯಾಗಿದ್ದಳು.

“ಎರಡ ಪ್ರಶ್ನೆ ಕೇಳ್ಯಾರಪಾ. ಒಂದು, ಯಾವ ಗುಡ್ಡ? ಸೇಲಾದಾಗೊಂದು ಶಿಬಿರ ಐತಿ, ಸಿಕ್ಕಿಮಿನ್ಯಾಗೊಂದು. ಎರಡು, ಹೊಸಬರ ತಂಡೋ, ಅನುಭವ ಇದ್ದವರ ತಂಡೋ? ಅನುಭವ ಅಂತ ಬರೀತೀನಿ.”

“ನಿನಗೆಲ್ಲಿ ಅನುಭವ?”

“ನಮ್ಮಪ್ಪ ಕಲಿಸ್ಯಾನ ಅಂತ ಬರೀತೀನಿ.”

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಸುವರ್ಣಾ ತಲೆಯೆತ್ತದೆ, “ಬರಿ ಬರಿ. ಮನ್ಯಾಗ ಗುರು ಇದ್ದಾಗ ಚಿಂತಿ ಯಾಕ?” ಎಂದಳು. ರೊಟ್ಟಿಗೆ ಅಗತ್ಯಕ್ಕಿಂತ ಎರಡೇಟು ಹೆಚ್ಚು ಬಿದ್ದವು.

“ಕಲಿಸೂದು ಇನ್ನೂ ಎಲ್ಲಿ ಆಗೇತವಾ...”

“ಐತಾರ ಕಲಿಸು. ಸೋಮಲಿಂಗ ಕಾಕಾಗ ಫೋನ್ ಮಾಡೀನಿ. ಅವರ ಗಾಣದ ಹಿಂದ ಸಿಪ್ಪಿ ಗುಡ್ಡ ಐತಂತ. ಇಬ್ಬರೂ ಇಳೀರಿ. ಯಾರು ನೆಟ್ಟಗ ನಿಂತು ಕೆಳಗ ಬರ್ತೀರಿ, ಅವರ ಗುಡ್ಡ ಬರೀತೀನಿ. ಐತಾರ ಹತ್ತಕ್ಕ ಫಾರ್ಮ್ ಬಂದ್ ಆಗತೈತಿ. ಅದರೊಳಗ ಆಗಬೇಕು.”

ಸೋಮಲಿಂಗ ಒಲ್ಲೆ ಎನ್ನುತ್ತಾನೆ ಎಂದು ಪರಮಾನಂದ ಸುಮ್ಮನಿದ್ದ. ಪರಮಾನಂದ ಒಲ್ಲೆ ಎನ್ನುತ್ತಾನೆ ಎಂದು ಸೋಮಲಿಂಗ ಸುಮ್ಮನಿದ್ದ. ಶುಕ್ರವಾರ ಬೆಳಗಿನ ಹೊತ್ತಿಗೆ ಸುದ್ದಿ ರಾಚಪ್ಪನ ಅಂಗಡಿ ದಾಟಿ ತೇರದಾಳ ಮುಟ್ಟಿತ್ತು. ಇನ್ನು ಒಲ್ಲೆ ಎನ್ನುವ ದಾರಿ ಇಬ್ಬರಿಗೂ ಉಳಿಯಲಿಲ್ಲ.

ಬೆಂಚಿನ ಮಾನ ಹೋಗುವುದು ಪರಮಾನಂದನಿಗೆ ಅಷ್ಟು ದೊಡ್ಡದೆನಿಸಲಿಲ್ಲ. ಅವನನ್ನು ಕಾಡಿದ್ದು ಫಾರ್ಮಿನ ಎರಡನೇ ಪ್ರಶ್ನೆ. ಅನುಭವ ಇದ್ದವರ ತಂಡವನ್ನು ಮೊದಲ ದಿನವೇ ಲಾರಿಯಲ್ಲಿ ಮೇಲಕ್ಕೆ ಒಯ್ದು, ನೆತ್ತಿಯಿಂದ ಬಿಡುವುದನ್ನು ಅವನು ಎರಡು ಚಳಿಗಾಲ ನೋಡಿದ್ದ. ಎರಡನೇ ಚಳಿಗಾಲದ ಒಂದು ಸಂಜೆ ನೂರ ಹದಿನೆಂಟನೇ ಜೋಡಿಯಲ್ಲಿ ಒಂದೇ ಸ್ಕೀ ವಾಪಸ್ ಬಂದಿತ್ತು. ತಂದುಕೊಟ್ಟವನು ಬೇರೆಯವನು. ಅದನ್ನು ಕಟ್ಟಿಕೊಂಡು ಹೋಗಿದ್ದ ಹುಡುಗ ಆಗ ಸ್ಟ್ರೆಚರಿನ ಮೇಲಿದ್ದ, ಎರಡು ಕಡೆ ಕಾಲು ಮುರಿದಿತ್ತು. ಅವನೂ ತನಗೆ ಮೊದಲೇ ಬರುತ್ತದೆ ಎಂದು ಹೇಳಿ ಆ ತಂಡ ಸೇರಿದವನಾಗಿದ್ದ. ಮರುದಿನ ಸಾಹೇಬರು, “ಸ್ಟೋರಿನವರೂ ಒಂದ್ಸಲ ಕಲಿಯಿರಿ” ಎಂದಾಗ ಪರಮಾನಂದ ಲೆಕ್ಕಪತ್ರ ಬಾಕಿಯಿದೆ ಎಂದು ತಪ್ಪಿಸಿಕೊಂಡಿದ್ದ.

ಮಗಳಿಗೆ ಹೇಳಿಬಿಡಬೇಕೆಂದು ಗುರುವಾರ ಎರಡು ಸಲ, ಶುಕ್ರವಾರ ಮೂರು ಸಲ ಹತ್ತಿರ ಹೋದ. ಪ್ರತಿ ಸಲವೂ ಆಕೆ, “ಅಪ್ಪಾ, ಸೇಲಾದಾಗ ತಿರುವಿನ್ಯಾಗ ಮೊಳಕಾಲು ಹ್ಯಾಂಗ ಬಗ್ಗಸ್ತಿದ್ದಿ?” ಎಂಬಂಥದ್ದೇನಾದರೂ ಕೇಳಿ ಅವನ ಬಾಯಿ ಕಟ್ಟುತ್ತಿದ್ದಳು.

ಶನಿವಾರ ತೇರದಾಳದ ಬಡಿಗ ಈಶ್ವರ ಪ್ಲೈವುಡ್‌ನಲ್ಲಿ ಎರಡು ಜೋಡಿ ಹಲಗೆ ಮಾಡಿ ಗಾಣಕ್ಕೆ ತಂದ. ಮೂತಿಗೆ ಎಣ್ಣೆ ಡಬ್ಬಿಯ ತಗಡು ಬಗ್ಗಿಸಿ ಹೊಡೆದಿದ್ದ. ಕಟ್ಟಲು ಸೈಕಲ್ ಟ್ಯೂಬು. ಹಲಗೆ ಕಂಡದ್ದೇ ಪರಮಾನಂದ ಭಯ ಮರೆತ. ಕೈ ಮೇಲೆತ್ತಿ ಅಳೆದ, ಕಣ್ಣಿಗೆ ಹಿಡಿದು ಸೊಟ್ಟ ನೋಡಿದ.

“ಇದು ನಾಲ್ಕು ಇಂಚು ಗಿಡ್ಡ. ವಾಪಸ್.”

“ಸಿಪ್ಪಿ ಮ್ಯಾಲ ಇಳಿಯಾಕ ಅಷ್ಟ್ಯಾಕ್ರೀ ಹವಾಲ್ದಾರ್ರ?” ಎಂದ ಈಶ್ವರ.

“ಗಿಡ್ಡಂದು ನಾಯಕ್ರಿಗೆ ಕಟ್ರಿ. ಸಿಕ್ಕಿಮಿನ್ಯಾಗ ನಡೀತಿತ್ತು.”

ಅನಂತರ ಎರಡು ಮೇಣದಬತ್ತಿ ತರಿಸಿ, ಕಾದ ಕಡಾಯಿಯ ಅಂಚಿಗೆ ಹಲಗೆ ಬೆಚ್ಚಗೆ ಮಾಡಿ, ಅರ್ಧ ತಾಸು ತಳಕ್ಕೆ ಮೇಣ ತಿಕ್ಕಿದ. ಅರಿವೆಯಿಂದ ಉಜ್ಜಿ ಬೆರಳಿಟ್ಟರೆ ಬೆರಳು ಜಾರಬೇಕು, ಹಾಗೆ ಮಾಡಿದ. ಮಾಡಬಾರದ ತಪ್ಪು ಅದೇ. ಇಳಿಯಲು ಇಷ್ಟವಿಲ್ಲದವನು ಹಲಗೆಗೆ ಮೇಣ ಹಚ್ಚಬಾರದು. ಆದರೆ ಮೇಣ ಹಚ್ಚದ ಹಲಗೆಯನ್ನು ಕೊಟ್ಟು ಗೊತ್ತಿರದ ಕೈ ಅದು, ಯಾರು ಕಟ್ಟಿಕೊಳ್ಳುವವರು ಎಂದು ಕೇಳಲಿಲ್ಲ.

ಭಾನುವಾರ ಏಳು ಹತ್ತಕ್ಕೆ ನೆತ್ತಿಯ ಮೇಲೆ ಇಬ್ಬರೇ ಇದ್ದರು. ಏರುವಾಗ ಸೋಮಲಿಂಗ ಅಚ್ಚುಕಟ್ಟಾಗಿ, ಅಡ್ಡಡ್ಡ ಹೆಜ್ಜೆಯಿಟ್ಟು ಏರಿದ್ದ. ಮೇಲೆ ಬಂದ ಮೇಲೆ ಅವನ ಮುಖ ಹಿಟ್ಟಿನಂತಾಗಿತ್ತು.

“ಇಳೀರಿ ಮತ್ತ, ನಾಯಕ್ರ,” ಎಂದ ಪರಮಾನಂದ, ತುಟಿ ಅಲುಗಿಸದೆ.

“ನೀವು ಮೊದಲ. ಹಿರೇರು.”

“ಮೂರು ತಿಂಗಳು ಹಿರ್ಯಾ. ಅದೇನು ಲೆಕ್ಕ? ನಡೀರಿ.”

ಸೋಮಲಿಂಗ ಕೆಳಗೆ ನೋಡಿದ. ಅವನ ಮುಧೋಳ ನಾಯಿ ಬಿಜಲಿ ಬಾಲ ಅಲ್ಲಾಡಿಸುತ್ತಿತ್ತು. “ಲೇ ಪರಮ್ಯಾ,” ಎಂದ. ಹದಿನೈದು ವರ್ಷದಲ್ಲಿ ಮೊದಲ ಬಾರಿಗೆ ಹವಾಲ್ದಾರ್ರ ಎಂಬುದು ಬಿದ್ದುಹೋಗಿತ್ತು. “ನಾ ಹೇಸರಗತ್ತಿ ಹೊಡೀತಿದ್ನಿ.”

“ಏನಂದಿ?”

“ಹೇಸರಗತ್ತಿ ಲೇ. ಸ್ಕೀ ಹೇರಿಕೊಂಡು ಮ್ಯಾಲ ಹೋಗೂದು, ಖಾಲಿ ಹೊಡಕೊಂಡು ಕೆಳಗ ಬರೂದು. ನನ್ನ ಕಾಲು ಬೂಟಿನ ಹೊರತು ಏನೂ ಕಂಡಿಲ್ಲ. ಈಗ ನೀನೂ ಖರೆ ಹೇಳು.”

“ನಾ ಏನು ಹೇಳ್ಲಿ?”

“ಹದಿನೈದು ವರ್ಷದಾಗ ನೂರಾ ಎಂಟು ಹಲಗಿ ನಂಬರ ಹೇಳೀದಿ. ಒಮ್ಮಿನೂ ಬಿದ್ದದ್ದು ಹೇಳಿಲ್ಲ. ಬೀಳದಂಗ ಸ್ಕೀ ಮಾಡಿದಂವನ್ನ ನಾ ಸಿಕ್ಕಿಮಿನ್ಯಾಗ ಒಬ್ಬನ್ನೂ ನೋಡ್ಲಿಲ್ಲ. ಎಲ್ಲಾರ ಹಲಗೀನೂ ನನ್ನ ಕತ್ತಿ ಬೆನ್ನ ಮ್ಯಾಲ ಬರ್ತಿದ್ವು, ಎಲ್ಲಾರ ಬೈಗುಳಾನೂ ನನ್ನ ಕಿವಿಯಾಗ ಬೀಳ್ತಿದ್ವು.”

ಪರಮಾನಂದ ಕೆಳಗಿನ ಜನರತ್ತ ಒಮ್ಮೆ ನೋಡಿದ. ಆಮೇಲೆ, “ಸ್ಟೋರು,” ಎಂದ.

ಇಬ್ಬರಿಗೂ ನಗು ಬಂತು. ಹಲಗೆಯ ಮೇಲೆ ನಗುವುದು ಕಷ್ಟದ ಕೆಲಸ. ಒಬ್ಬರ ಭುಜ ಒಬ್ಬರು ಹಿಡಿದುಕೊಂಡರು. ಕೆಳಗಿನವರಿಗೆ ಅದು ಸೈನಿಕರ ಯಾವುದೋ ಮರ್ಯಾದೆಯ ಕ್ರಮದಂತೆ ಕಂಡಿರಬೇಕು; ಯಾರೋ ಚಪ್ಪಾಳೆ ತಟ್ಟಿದರು.

“ಕೂತು ಜಾರೂನು,” ಎಂದ ಸೋಮಲಿಂಗ. “ಗಾಳಿ ಜೋರ ಇದ್ದಾಗ ಹಿಂಗ ಇಳೀತಾರ ಅಂತ ಹೇಳೂನು. ನಾ ನಿನ್ನ ಸುದ್ದಿ ಎತ್ತಂಗಿಲ್ಲ, ನೀ ನನ್ನ ಸುದ್ದಿ ಎತ್ತಬ್ಯಾಡ. ರಾಚಪ್ಪ ಸಮಾ ಸಮಾ ಅಂತಾನ. ನಾಳಿಂದ ಮತ್ತ ಜಗಳ ಮಾಡೂನು.”

ಒಳ್ಳೆಯ ಒಪ್ಪಂದವೇ. ಪರಮಾನಂದ ಒಪ್ಪುವವನಿದ್ದ. ಆಗ ಕೆಳಗಿನಿಂದ ಮಗಳ ದನಿ ಬಂತು.

“ಅಪ್ಪಾ, ಲಗೂ ಇಳಿ! ನಾ ಅನುಭವ ಅಂತ ಒತ್ತಾಕತ್ತೇನಿ ನೋಡು!”

ನೂರ ಹದಿನೆಂಟನೇ ನಂಬರಿನ ಒಂಟಿ ಸ್ಕೀ ಪರಮಾನಂದನ ಕಣ್ಣ ಮುಂದೆ ಬಂತು. ಒಪ್ಪಂದ ಅಲ್ಲಿಗೆ ಮುರಿಯಿತು. ಅವನು ಕೆಳಗೆ ಬಾಗಿ ಕೈಯೆರಡನ್ನೂ ಬಾಯಿಗೆ ಒಡ್ಡಿದ. ಅದೇ ಗಳಿಗೆಗೆ ಸೋಮಲಿಂಗ ಕುಳಿತುಕೊಳ್ಳಲು ಹೋಗಿ, ಆಯ ತಪ್ಪಿ, ಆಸರೆಗೆಂದು ಪರಮಾನಂದನ ಬೆನ್ನಿಗೆ ಕೈ ಕೊಟ್ಟ.

“ಒತ್ತಬ್ಯಾಡವಾ ಸಂಘೂ!” ಎಂಬುದು ನೆತ್ತಿಯಲ್ಲಿ ಕೇಳಿತು. “ನಾ ಎಂದೂ ಸ್ಕೀ ಮಾಡಿಲ್ಲ!” ಎಂಬುದು ಇಳಿಜಾರಿನ ನಡುವೆ. “ಸ್ಟೋರಿನ್ಯಾಗ ಇದ್ನೀ...” ಎಂಬುದು ಬುಡದಲ್ಲಿ. ಅರವತ್ತು ಅಡಿಯನ್ನೂ ಪರಮಾನಂದ ನಿಂತೇ ಇಳಿದ. ಮೊಳಕಾಲು ಹೆದರಿಕೆಗೆ ತಾವಾಗಿ ಬಗ್ಗಿದ್ದವು, ಕೈ ಎರಡೂ ಕಡೆ ಚಾಚಿದ್ದವು. ಬಿಜಲಿ ಪಕ್ಕದಲ್ಲಿ ಓಡಿತು, ಆದರೆ ಹಿಂದೆ ಬಿತ್ತು. ಮೇಣ ಅಷ್ಟು ಚೆನ್ನಾಗಿತ್ತು. ಕೊನೆಗೆ ಅವನು ಒಣಗಿದ ಕಬ್ಬಿನ ಎಲೆಯ ರಾಶಿಯೊಳಗೆ ಎದೆಯವರೆಗೆ ಹೊಕ್ಕು ನಿಂತ. ಬೆನ್ನ ಹಿಂದೆಯೇ ಸೋಮಲಿಂಗ ಒಂದು ಹಲಗೆ ಕಳೆದುಕೊಂಡು, ಆಕಾಶ ನೋಡುತ್ತ ಜಾರಿಬಂದ.

ಮೊದಲು ಕೂಗಿದವನು ರಾಚಪ್ಪ.

“ಎಂದೂ ಮಾಡಿಲ್ಲಂತ! ಮಾಡಿಕೋತ ಹೇಳ್ತಾನ್ರೋ!”

ಮೂವತ್ತು ಮಂದಿ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡರು. ಮಗ್ಗದವರು ಶಿಳ್ಳೆ ಹಾಕಿದರು. ಬೀಳಗಿಯ ಭಾಮೈದ, “ನಮ್ಮ ಮಾಮಾಗ ದೊಡ್ಡಸ್ತಿಕಿ ಅನ್ನೂದ ಇಲ್ಲ ನೋಡ್ರಿ,” ಎಂದು ಪಕ್ಕದವರಿಗೆ ವಿವರಿಸಿದ. ಪರಮಾನಂದ ಎಲೆಯೊಳಗಿಂದ ಮೂರು ಸಲ, “ಖರೇನ ಮಾಡಿಲ್ರೀ, ಆಣಿ ಮಾಡ್ತೀನಿ” ಎಂದ. ಪ್ರತಿ ಸಲವೂ ನಗು ಇನ್ನಷ್ಟಾಯಿತು.

ಸಂಘಮಿತ್ರಾ ಬಂದು ಅವನ ತಲೆಯಿಂದ ಎಲೆ ಕಿತ್ತಳು.

“ನೀನರೆ ನಂಬವಾ. ಅನುಭವ ಅಂತ ಒತ್ತಬ್ಯಾಡ. ಆ ತಂಡದವರನ್ನ ಮೊದಲ ದಿನಾನ ನೆತ್ತಿ ಮ್ಯಾಲಿಂದ ಬಿಡ್ತಾರ.”

“ಗೊತ್ತೈತಿ ಬಿಡಪಾ.”

“ಏನ್ ಗೊತ್ತೈತಿ?”

ಆಕೆ ಮೊಬೈಲ್ ತಿರುಗಿಸಿ ತೋರಿಸಿದಳು. ಫಾರ್ಮ್ ಶನಿವಾರ ಮಧ್ಯಾಹ್ನ ಮೂರೂ ಇಪ್ಪತ್ತಕ್ಕೇ ಹೋಗಿತ್ತು. ತಂಡ: ಹೊಸಬರು. ಮಾಜಿ ಸೈನಿಕರ ಮಕ್ಕಳೆಂಬ ದಾಖಲೆಗೆ ಆರು ತಿಂಗಳ ಹಿಂದೆ ಅಪ್ಪನ ಡಿಸ್ಚಾರ್ಜ್ ಪುಸ್ತಕ ಬೇಕಾಗಿತ್ತು. ಸುವರ್ಣಾಳೇ ಟ್ರಂಕಿನಿಂದ ತೆಗೆದುಕೊಟ್ಟಿದ್ದಳು. ಅದರ ಎರಡನೇ ಪುಟದಲ್ಲಿ ಅವನ ಕೆಲಸ ಬರೆದಿತ್ತು.

“ಮತ್ತ ಇದೆಲ್ಲಾ ಯಾಕ ಮಾಡ್ಸಿದಿ?”

“ಹದಿನೈದು ವರ್ಷ ಕೇಳೀನಿ. ಒಮ್ಮೆರೆ ನೋಡಬೇಕಂತ ಆಸೆ ಆತು.” ತುಟಿ ಕಚ್ಚಿ ನಗು ತಡೆದಳು. “ಅಲ್ಲಪಾ, ನಾ ಅನುಭವ ಅಂತ ಒತ್ತಿದ್ರೂ ಸುಮ್ಮ ಇರ್ತೀಯೋ, ಖರೆ ಹೇಳ್ತೀಯೋ ಅಂತನೂ ನೋಡಬೇಕಿತ್ತು.”

ಪರಮಾನಂದ ಎಲೆಯೊಳಗೇ ನಿಂತು ಪರದೆಯನ್ನು ಮತ್ತೊಮ್ಮೆ ಓದಿದ. ಓದುವುದು ಅವನ ಅಭ್ಯಾಸ. ಒಂದು ಸಾಲೂ ಬಿಡುವವನಲ್ಲ.

“ಇದೇನ ಇದು? ಗುಡ್ಡ: ಸಿಕ್ಕಿಂ?”

“ಸೇಲಾ ಶಿಬಿರ ಫೆಬ್ರುವರಿ ಇಪ್ಪತ್ತಕ್ಕ ಐತಿ. ಅವಾಗ ನಮ್ಮ ಸಾಲ್ಯಾಗ ಪರೀಕ್ಷಾ. ಸಿಕ್ಕಿಮಿಂದು ಜನವರಿಯಾಗ.”

“ಅಷ್ಟ ಏನು ಕಾರಣ?”

“ಅಷ್ಟ.”

ಸೋಮಲಿಂಗ ನೆಲದ ಮೇಲೆ ಮಲಗಿದ್ದಲ್ಲಿಂದಲೇ ಕೈ ಎತ್ತಿ, “ನೋಡಿದ್ರೇನು ಹವಾಲ್ದಾರ್ರ?” ಎಂದ. ಹವಾಲ್ದಾರ್ರ ಎಂಬುದು ವಾಪಸ್ ಬಂದಿತ್ತು. ಹೇಸರಗತ್ತೆಯ ಸಂಗತಿ ಪರಮಾನಂದನ ನಾಲಿಗೆಯ ತುದಿಯವರೆಗೂ ಬಂತು. ಅವನು ಬಗ್ಗಿ, ಸಡಿಲವಾಗಿದ್ದ ಸೈಕಲ್ ಟ್ಯೂಬನ್ನು ಬಿಚ್ಚುತ್ತ, “ಸಿಕ್ಕಿಮಿಂದು ಹಸಿ ಬೆಲ್ಲ,” ಎಂದಷ್ಟೇ ಹೇಳಿದ.

ಜನವರಿ ಇಪ್ಪತ್ತೆರಡರಂದು ಸಂಘಮಿತ್ರಾ ಸಿಕ್ಕಿಂ ಶಿಬಿರ ಸೇರಿದಳು. ಮೊದಲ ದಿನ ಹದಿನೇಳು ಸಲ ಬಿದ್ದಳು. ಸಂಜೆ ಫೋನ್ ಮಾಡಿ ಅಪ್ಪನಿಗೆ ಲೆಕ್ಕ ಒಪ್ಪಿಸಿದಳು. ಮರುದಿನ ಬೆಳಿಗ್ಗೆ ರಾಚಪ್ಪನ ಅಂಗಡಿಯಲ್ಲಿ ಕೇಳಿದವರಿಗೆಲ್ಲ ಪರಮಾನಂದ, ಬಿದ್ದದ್ದು ಏಳೇ ಸಲ ಎಂದು ಹೇಳಿದ.